ಮಡಕೆಯಲ್ಲಿ ಒಯ್ದ ಕಪ್ಪೆಗಳು

ಬೆಟ್ಟಗಳಿಗೆ ಇನ್ನೂ ಕಿವಿಯಿದ್ದ ಕಾಲದಲ್ಲಿ ಕಪ್ಪೆಗಳು ಮಳೆಯ ಮಕ್ಕಳಾಗಿದ್ದವಂತೆ. ಬರ ಬಂದರೆ ಜನ ಅವನ್ನು ಮಡಕೆಯಲ್ಲಿಟ್ಟು ಬೆಟ್ಟದ ತುದಿಗೆ ಹೊರುತ್ತಿದ್ದರು. ನೀರಿಲ್ಲದೆ ಮಕ್ಕಳು ಅತ್ತರೆ ತಾಯಿ ಮಳೆ ಸುಮ್ಮನಿರುತ್ತಾಳೆಯೆ? ಸುರಿಯುತ್ತಿದ್ದಳು. ಆದರೆ ಒಂದು ಕಟ್ಟಳೆ: ಹೊತ್ತೊಯ್ದ ಕೈಯೇ ಅವನ್ನು ಹೊಳೆಗೆ ಮರಳಿ ಬಿಡಬೇಕು.

ಈ ಕಾಲದಲ್ಲಿ, ಆ ಹೊಳೆದಂಡೆಯ ಊರಿನ ಹುಡುಗಿ ಇಲಾರಿಯಾ, ಹಾವು-ಕಪ್ಪೆಗಳ ವಿಜ್ಞಾನ ಓದಿ ಲಾ ಪಾಸ್ ನಗರದ ಸಂಗ್ರಹಾಲಯದಲ್ಲಿ ಕೆಲಸ ಹಿಡಿದಳು. ಹೊಳೆಯ ಕಪ್ಪೆಗಳು ಚರ್ಮರೋಗದಿಂದ ಸಾಯತೊಡಗಿದಾಗ, ಉಳಿದವನ್ನು ತೊಟ್ಟಿಯಲ್ಲಿ ಸಾಕಿ, ರೋಗ ಹೋದಮೇಲೆ ಮರಿಗಳ ಸಮೇತ ತರುತ್ತೇನೆಂದು ಊರನ್ನು ಬೇಡಿದಳು. ಊರಿನ ಹಿರಿಯಳು ಬೆನಿಗ್ನ ಅತ್ತೆ ಕಪ್ಪೆಗಳನ್ನು ಮಳೆ ಕರೆಯುವ ಮಡಕೆಯಲ್ಲೇ ತುಂಬಿಕೊಟ್ಟಳು.

“ಒಯ್ಯೋಳು ನೀನು. ಬಿಡೋಳೂ ನೀನೇ.”

ಇಲಾರಿಯಾ ಊರಿಗೆ ಪವಿತ್ರವಾದ ಕೋಕಾ ಎಲೆ ಮುಟ್ಟಿ ಮಾತು ಕೊಟ್ಟಳು.

ತೊಟ್ಟಿಯಲ್ಲಿ ಕಪ್ಪೆಗಳು ಮೊಟ್ಟೆಯಿಡಲಿಲ್ಲ. ಒಂದೊಂದಾಗಿ ಸತ್ತು ಸ್ಪಿರಿಟ್ಟಿನ ಸೀಸೆ ಸೇರಿದವು. ಅವುಗಳ ಬಗ್ಗೆ ಬರೆದು ಅವಳು ಹೆಸರು ಗಳಿಸಿದಳು, ಪದಕ ಗಳಿಸಿದಳು, ದೊಡ್ಡ ಹುದ್ದೆಗೂ ಏರಿದಳು. ಕೊನೆಗುಳಿದ ಗಂಡು ಒಂಟಿಯಾಗಿ ಕೂಗುತ್ತಿತ್ತು. ಆ ಕೂಗನ್ನು ಮುದ್ರಿಸಿಕೊಂಡು ಸಭೆ ಸಭೆಯಲ್ಲಿ ಕೇಳಿಸಿದಳು. ಜನ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು. ಮಳೆ ಮಕ್ಕಳು ತವರಿಗೆ ಯಾವಾಗ ಬರುತ್ತವೆ ಎಂದು ಅತ್ತೆ ಫೋನಿನಲ್ಲಿ ಕೇಳಿದಾಗಲೆಲ್ಲ, ಹೊಳೆಯಲ್ಲಿ ರೋಗ ಇನ್ನೂ ಇದೆ, ಬಿಟ್ಟರೆ ಸಾಯುತ್ತವೆ ಎನ್ನುತ್ತಿದ್ದಳು. ಅದು ಸುಳ್ಳಲ್ಲ. ಆದರೆ ಗಂಡು ತೊಟ್ಟಿಯಲ್ಲೇ ಸತ್ತು, ಅದೂ ಸೀಸೆ ಸೇರಿತು.

ಅದನ್ನಾದರೂ ಹೊಳೆಗೆ ಒಯ್ಯುತ್ತೇನೆಂದಾಗ ಸಂಗ್ರಹಾಲಯದವರು, ಕೊನೆಯದು ದೇಶದ ಆಸ್ತಿ, ಬಾಗಿಲು ದಾಟಕೂಡದು ಎಂದರು. ಇಲಾರಿಯಾ ಬೀಗದ ಕೈಗಳನ್ನು ಮೇಜಿನ ಮೇಲಿಟ್ಟಳು. ಇನ್ನು ತನ್ನನ್ನು ಒಳಗೆ ಯಾರೂ ಸೇರಿಸುವುದಿಲ್ಲವೆಂದು ತಿಳಿದೇ, ಸೀಸೆಯನ್ನು ಶಾಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಳು.

ಅತ್ತೆ ಹೊಳೆಯ ಬಳಿ, ಅಂದು ಖಾಲಿಯಾಗಿ ಮರಳಿ ಬಂದಿದ್ದ ಅದೇ ಮಡಕೆ ಹಿಡಿದು ಕಾದಿದ್ದಳು. ಸೀಸೆಯನ್ನು ಬಿಸಿಲಿಗೆ ಹಿಡಿದು ನೋಡಿದಳು.

“ಉಪ್ಪಿನಕಾಯಿ ಹಾಕಿ ತಂದಿದ್ದೀಯಲ್ಲೇ.”

ಇಲಾರಿಯಾ ತಲೆ ತಗ್ಗಿಸಿದಳು. “ಕೊನೇಲಿ ತುಂಬಾ ಕೂಗ್ತಿತ್ತು ಅತ್ತೆ.”

“ರೇಡಿಯೋದಲ್ಲಿ ನಾನೂ ಕೇಳ್ದೆ. ಮಡಕೇಲಿ ಕೂತದ್ದು ಅಳದೆ ಇರುತ್ತಾ? ನಾವಾಗಿದ್ರೆ ನೀರಿಗೆ ಬಿಡ್ತಿದ್ವಿ. ನಿಮ್ಮೋರು ಚಪ್ಪಾಳೆ ಹೊಡೆದ್ರು.”

ಇಲಾರಿಯಾ ಕಪ್ಪೆಯನ್ನು ಸೀಸೆಯಿಂದ ಹೊರತೆಗೆದಳು. ಅದರ ಕಾಲಿಗೆ ಕಟ್ಟಿದ್ದ ಸಂಖ್ಯೆಯ ಚೀಟಿಯನ್ನು ಕತ್ತರಿಸಿ, ಮಡಕೆಯ ನೀರಿನಲ್ಲಿ ಸ್ಪಿರಿಟ್ಟಿನ ವಾಸನೆ ಹೋಗುವವರೆಗೆ ತೊಳೆದಳು. ಮೊಣಕಾಲುದ್ದದ ಕೊರೆಯುವ ನೀರಿಗಿಳಿದು ಬಿಟ್ಟಳು. ಸೆಟೆದ ಕಾಲುಗಳನ್ನು ಚಾಚಿ ಅದು ಹೊಟ್ಟೆ ಮೇಲಾಗಿ ತೇಲಿ, ಅವಳ ಕಡೆಗೇ ತಿರುಗಿ ಬಂತು.

“ಬಿಡೋದಾದ್ರೆ ಪೂರ್ತಿ ಬಿಡು,” ದಂಡೆಯಿಂದ ಅತ್ತೆ ಹೇಳಿದಳು.

ಇಲಾರಿಯಾ ಅದನ್ನು ಅಂಗೈಯಲ್ಲಿ ತಳಕ್ಕೆ ಒತ್ತಿ ಹಿಡಿದು, ಮೇಲೊಂದು ಕಲ್ಲಿಟ್ಟಳು.