ಕಾಣದ ಬೇಲಿಯ ಹೆಸರು

ಆಲ್ಡರ್‌ಕೋಟ್ ಬಂಗಲೆಯ ಮುಂಬಾಗಿಲ ಮೆಟ್ಟಿಲ ಮೇಲೆ ನಿಂತು ಎಡ್ವಿನ್ ಪಾಸ್ಕೋ ತನ್ನ ಗುಂಪನ್ನು ಎಣಿಸಿದ. ಹದಿನೇಳು ಜನ. ಹದಿನೆಂಟನೆಯವಳು ಗ್ವೆಂಡಾ, ಬಂಗಲೆಯ ಮಾರ್ಗದರ್ಶಕರ ಮೇಲ್ವಿಚಾರಕಿ.

“ಸುಮ್ನೆ ಬಂದೆ ಎಡ್ವಿನ್. ಬಿಸಿಲು ಚೆನ್ನಾಗಿದೆಯಲ್ಲ ಅಂತ” ಎಂದಳು. ಆಕಾಶ ಬೂದಿ ಬಳಿದ ಹಾಗಿತ್ತು.

ಸುಮ್ಮನೆ ಬರುವುದೆಂದರೇನು ಎಂದು ಎಡ್ವಿನ್‌ಗೆ ಗೊತ್ತಿತ್ತು. ಹಿಂದಿನ ತಿಂಗಳು ಅವನ ಮೇಲೆ ಮೂರು ದೂರು ಬಂದಿದ್ದವು. ಬಂಗಲೆಯ ಹಿಂದಿನ ದೊರೆ ಎರಡನೇ ಅರ್ಲನ ಹೆಂಡತಿಯನ್ನು ಮಾತಿನ ಭರದಲ್ಲಿ ಅವಳ ಮಾವನಿಗೇ ಕಟ್ಟಿಬಿಟ್ಟಿದ್ದ. ಒಂದು ಗುಂಪಿಗೆ ಗುಲಾಬಿ ತೋಟವನ್ನು ಎರಡು ಸಲ, ಎರಡೂ ಸಲ ಹೊಸದೆಂಬಂತೆ ತೋರಿಸಿದ್ದ. ಮೂರನೆಯದೇನೆಂದು ಅವನಿಗೆ ನೆನಪಿರಲಿಲ್ಲ. ಬಹುಶಃ ದೂರು ಅದೇ ಇರಬೇಕು. ಇವತ್ತು ಎಡವಿದರೆ ಎದೆಯ ಮೇಲಿನ ಮಾರ್ಗದರ್ಶಕನ ಹಸಿರು ಬಿಲ್ಲೆ ಕಳಚಿ, ಕಾರು ನಿಲ್ಲಿಸುವ ಬಯಲಿನಲ್ಲಿ ಕಾರುಗಳಿಗೆ ಜಾಗ ತೋರಿಸಲು ಕೈಗೊಂದು ಬಾವುಟ ಕೊಡುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಬುಧವಾರ, ಶುಕ್ರವಾರ ಈ ತೋಟ ಅವನದು. ಉಳಿದ ಐದು ದಿನ ಈ ಎರಡು ದಿನಕ್ಕಾಗಿ ಕಾಯುವುದೇ ಕೆಲಸ. ಹೆಂಡತಿ ಹೋದಮೇಲೆ ಅವನ ವಾರವನ್ನು ಕಟ್ಟಲು ಬೇರೆ ಗೂಟವಿರಲಿಲ್ಲ.

ಅದಕ್ಕೇ ಜೇಬಿನಲ್ಲೊಂದು ಚೀಟಿ ಇಟ್ಟುಕೊಂಡಿದ್ದ. ಶಿಲ್ಪಿಯ ಹೆಸರು, ಮೂವರು ಅರ್ಲ್‌ಗಳ ಹೆಂಡಿರ ಹೆಸರು, ಸೀಡರ್ ಮರ ನೆಟ್ಟ ವರ್ಷ. ಕೈಕೊಡಬಹುದಾದದ್ದೆಲ್ಲ ಅದರಲ್ಲಿತ್ತು.

ಆರಂಭ ಸೊಗಸಾಗಿಯೇ ಆಯಿತು. ಸೀಡರ್ ಮರದಡಿ ನಿಂತು, “ಮೂರನೇ ಅರ್ಲ್‌ಗೆ ಮರ ಅಂದ್ರೆ ಪ್ರಾಣ, ಮಕ್ಕಳು ಅಂದ್ರೆ ಅಷ್ಟಕ್ಕಷ್ಟೆ. ಮರಕ್ಕೆಲ್ಲ ಹೆಸರಿಟ್ಟ, ಮಕ್ಕಳನ್ನ ‘ಏ, ಇಲ್ಲಿ ಬಾ’ ಅಂತಿದ್ದ” ಎಂದ.

“ನಮ್ಮತ್ತೆ ಮನೇಲೂ ಹಂಗೇ ಕಣ್ರೀ. ನಾಯಿಗೆ ಕುರ್ಚಿ, ನಂಗೆ ಸ್ಟೂಲು!” ಎಂದಳು ಹಳದಿ ರೇನ್‌ಕೋಟಿನ ಹೆಂಗಸು. ಬೋಲ್ಟನ್ ಊರಿನವಳು, ಹೆಸರು ಡೋರೀನ್ ಎಂದು ಕೇಳದೆಯೇ ಹೇಳಿದ್ದಳು. ಎಲ್ಲರೂ ನಕ್ಕರು. ಗ್ವೆಂಡಾ ಕೂಡ. ಎಡ್ವಿನ್‌ನ ಎದೆಯಿಂದ ಒಂದು ಕಲ್ಲು ಇಳಿಯಿತು.

ಹುಲ್ಲುಹಾಸಿಗೆ ಬಂದರು. ಇಲ್ಲಿ ಮಾರ್ಗದರ್ಶಕರು ಹಿಂದುಹಿಂದಕ್ಕೆ ನಡೆಯುವುದು ವಾಡಿಕೆ. ಅತಿಥಿಗಳಿಗೆ ಬೆನ್ನು ತೋರಿಸಬಾರದು. ಬಂಗಲೆಯಿಂದ ನೋಡಿದರೆ ಹುಲ್ಲು ತಡೆಯಿಲ್ಲದೆ ಹರಿದು ಕುರಿ ಮೇಯುವ ಬಯಲಿಗೆ ಸೇರಿದಂತೆ ಕಾಣುತ್ತದೆ. ಕುರಿಗಳು ಮಾತ್ರ ಈಚೆ ಬರುವುದಿಲ್ಲ. ನಡುವೆ ಆಳುದ್ದದ ಕಂದಕವಿದೆ. ಈಚೆ ಬದಿಗೆ ನೆಟ್ಟಗೆ ಇಟ್ಟಿಗೆ ಗೋಡೆ, ಆಚೆ ಇಳಿಜಾರು. ದೊರೆಗಳ ಕಣ್ಣಿಗೆ ಬೇಲಿ ಚುಚ್ಚಬಾರದಲ್ಲ! ಗೊತ್ತಿಲ್ಲದೆ ಅಂಚಿಗೆ ಬಂದವರು ಬೆಚ್ಚಿ “ಹಾ! ಹಾ!” ಎನ್ನುತ್ತಿದ್ದರಂತೆ. ಅದೇ ಅದರ ಹೆಸರಾಯಿತು: ಹಾಹಾ. ಇಂಗ್ಲೆಂಡಿನ ತೋಟದ ಪುಸ್ತಕಗಳಲ್ಲೆಲ್ಲ ಗಂಭೀರವಾಗಿ ಹಾಗೆಂದೇ ಅಚ್ಚಾಗಿದೆ.

“ಇದನ್ನ ತೋಡಿಸಿದ್ದು ಮೂರನೇ ಅರ್ಲ್. ಈ… ಇದಕ್ಕೆ ಏನಂತಾರೆ ಅಂದ್ರೆ…” ಎಡ್ವಿನ್ ನಿಂತ. ತಲೆಯಲ್ಲಿ ಆ ಹೆಸರಿದ್ದ ಜಾಗದಲ್ಲಿ ಏನೂ ಇರಲಿಲ್ಲ. ಜೇಬಿಗೆ ಕೈ ಹಾಕಿದ. ಚೀಟಿಯಲ್ಲಿ ಹೆಂಡಿರಿದ್ದರು, ಮರವಿತ್ತು. ಇದಿರಲಿಲ್ಲ. ಸ್ವಂತ ಹೆಸರನ್ನು ಯಾರು ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ?

ಗ್ವೆಂಡಾ ನೆಲ ನೋಡುತ್ತಿದ್ದಳು.

“ನಗೆ ಬರೋ ಹೆಸರು” ಎಂದ. “ಹೇಳ್ತೀನಿ, ಒಂದ್ನಿಮಿಷ. ಹೇಳ್ತೀನಿ.” ಮಾತು ನಿಂತಿತು, ಕಾಲು ನಿಲ್ಲಲಿಲ್ಲ. ವಾಡಿಕೆಯ ಕಾಲುಗಳು ಒಂದೊಂದೇ ಹೆಜ್ಜೆ ಹಿಂದೆ ಇಡುತ್ತಿದ್ದವು.

ಡೋರೀನ್‌ಗೆ ಅಯ್ಯೋ ಅನ್ನಿಸಿತು. ಮೆಲ್ಲಗೆ, “ಹಾಹಾ” ಎಂದಳು.

ಎಡ್ವಿನ್ ಅವಳನ್ನು ದುರುಗುಟ್ಟಿ ನೋಡಿದ.

“ಹಾಹಾ ಕಣ್ರೀ!” ಎಂದು ಸ್ವಲ್ಪ ಜೋರಾಗಿ ಹೇಳಿದಳು.

“ನಗ್ತೀರಾ?” ಅವನ ದನಿ ಒಡೆಯಿತು. “ಮುದುಕನಿಗೆ ಮರೆವು ಬಂದ್ರೆ ನಿಮಗೆ ತಮಾಷೆಯಾ? ನಿಮಗೂ ಬರತ್ತೆ, ನೋಡ್ತಿರಿ!” ಮತ್ತೊಂದು ಹೆಜ್ಜೆ ಹಿಂದೆ.

“ಅಯ್ಯೋ, ಹಿಂದೆ! ಹಾಹಾ! ಹಾಹಾ!” ಡೋರೀನ್ ಕೈ ಬೀಸಿ ಕಿರುಚಿದಳು. ಉಳಿದವರೂ ದನಿಗೂಡಿಸಿದರು. ಹದಿನೇಳು ಬಾಯಿ, ಒಂದೇ ಕೂಗು. ಇಪ್ಪತ್ತೆರಡು ವರ್ಷ ನಗಿಸಿದವನನ್ನು ನೋಡಿ ಜನ ಹೀಗೆ ನಗುತ್ತಾರೆಂದು ಎಡ್ವಿನ್ ಎಣಿಸಿರಲಿಲ್ಲ. ಆ ನಗೆಯಿಂದ ದೂರ ಸರಿಯಲು ಇನ್ನೊಂದು ಹೆಜ್ಜೆ ಇಟ್ಟ.

ಅಲ್ಲಿ ಹುಲ್ಲಿರಲಿಲ್ಲ.

ಗ್ವೆಂಡಾ ಓಡಿಬಂದು ಅಂಚಿನಲ್ಲಿ ಮಂಡಿಯೂರಿದಾಗ ಅವನು ಕಂದಕದ ತುರಿಕೆಗಿಡಗಳ ನಡುವೆ ಕೂತಿದ್ದ. ಒಂದು ಪಾದ ತಿರುಗಬಾರದ ಕಡೆಗೆ ತಿರುಗಿತ್ತು. ಆಚೆ ದಂಡೆಯ ಕುರಿಯೊಂದು ಮೆಲುಕು ನಿಲ್ಲಿಸಿ ನೋಡುತ್ತಿತ್ತು.

“ಅಲ್ಲಾಡ್ಬೇಡಿ ಎಡ್ವಿನ್. ಆಂಬುಲೆನ್ಸ್‌ಗೆ ಹೇಳಿದಾರೆ. ಕೈ ಕೊಡಿ.”

ಅವನು ಕೈ ಕೊಡಲಿಲ್ಲ. ಎದೆಯ ಬಿಲ್ಲೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡಿದ್ದ.

“ಗುಲಾಬಿ ತೋಟ ಬಾಕಿ ಇದೆ. ಇಲ್ಲಿಂದ್ಲೇ ಮುಗಿಸ್ತೀನಿ. ಅವರನ್ನ ಕರಿ.”

“ಸಾಕು ಎಡ್ವಿನ್.”

“ಒಂದೇ ಒಂದು ಪದ ಗ್ವೆಂಡಾ. ಉಳಿದಿದ್ದೆಲ್ಲ ಇದೆ ನನ್ಹತ್ರ, ಬೇಕಾದ್ರೆ ಕೇಳು. ಇದರ ಹೆಸರೊಂದು ಹೇಳ್ಬಿಡು. ನಿನ್ನ ದಮ್ಮಯ್ಯ.”

ಗ್ವೆಂಡಾಳ ಕಣ್ಣು ತುಂಬಿತ್ತು. ಬೇರೆ ಹೆಸರಿರಲಿಲ್ಲ.

“ಹಾಹಾ” ಎಂದಳು.

ಎಡ್ವಿನ್ ಅವಳ ಮುಖ ನೋಡಿದ. ಆಮೇಲೆ ತಾನೇ ಬಿಲ್ಲೆಯ ಪಿನ್ನು ಬಿಚ್ಚತೊಡಗಿದ.

“ನೀನೂ ನಗ್ತೀಯಾ” ಎಂದ.