ಮೂವತ್ತೆಂಟು ನ್ಯಾನೋಟೆಸ್ಲಾ

ಕುಂಕುಮ, ಮುಚ್ಚಳದ ಮೇಲಿರುವುದು ಕುಂಕುಮವೇ, ಮೂರು ಬೆರಳಲ್ಲಿ ಎಳೆದ ವಿಭೂತಿಯ ನಡುವೆ ಹೆಬ್ಬೆಟ್ಟಿನಷ್ಟು ಅಗಲ, ಅದರ ಸುತ್ತ ಸೇವಂತಿಗೆ, ಸೇವಂತಿಗೆಯ ಸುತ್ತ — ಶಿವಗಂಗಾ ಗುಡಿಸಲಿನ ಬಾಗಿಲಲ್ಲೇ ನಿಂತುಬಿಟ್ಟಳು — ಸುತ್ತ ಕತ್ತಿಗಳು, ಕಾಫಿ ಗಿಡ ಸವರುವ ಕತ್ತಿ, ಗುದ್ದಲಿ, ಹಾರೆ, ಔಷಧಿ ಹೊಡೆಯುವ ಪಂಪು, ಎಲ್ಲದರ ಮೈಗೂ ಗಂಧ ಬಳಿದು, ಎಲ್ಲದರ ಮೂತಿಯನ್ನೂ ನಡುವಿನ ಮರದ ಪೆಟ್ಟಿಗೆಯ ಕಡೆ ತಿರುಗಿಸಿ ಇಟ್ಟಿದ್ದಾರೆ, ಪೆಟ್ಟಿಗೆಯ ಒಳಗೆ ಅವಳ ಕಾಂತಮಾಪಿ, ಸೂರ್ಯನಿಂದ ಹೊರಟ ಗಾಳಿ ಭೂಮಿಯ ಕಾಂತಕ್ಷೇತ್ರವನ್ನು ಕೂದಲೆಳೆಯಷ್ಟು ಅಲುಗಿಸಿದರೂ ಬರೆದಿಡುವ ಯಂತ್ರ, ಅದರ ಒಂದು ಮಾರು ದೂರದಲ್ಲಿ ಕಬ್ಬಿಣ, ಕಬ್ಬಿಣ, ಕಬ್ಬಿಣ. ಈ ಗುಡಿಸಲಿಗೆ ಒಂದು ಮೊಳೆ ಹೊಡೆಯಲು ಬಿಟ್ಟವಳಲ್ಲ ಅವಳು, ಹೊಡೆಯಲೇಬೇಕಾದ ಕಡೆ ತಾಮ್ರ, ಕೆಳಗೆ ಐವತ್ತು ಮೀಟರಿಗೆ ಸುಣ್ಣ ಬಳಿದ ಕಲ್ಲು, ಯಾರೇ ಬರಲಿ ಕಬ್ಬಿಣವೆಲ್ಲ ಅಲ್ಲೇ ಬಿಟ್ಟು ಬರಬೇಕು, ಈಗ ತಾನೇ ಅವಳೂ ಹೇರ್‌ಪಿನ್ನು ಕಿತ್ತು, ಸೆರಗಿನ ಪಿನ್ನು ಕಿತ್ತು, ಗಡಿಯಾರ ಬಿಚ್ಚಿ ಜೀಪು ಓಡಿಸುವ ಸೊಹೈಲ್ ಕೈಗೆ ಕೊಟ್ಟು ಹತ್ತಿದ್ದಾಳೆ, ಇಷ್ಟು ಮಡಿ ದೇವರಮನೆ ಬೆಟ್ಟದ ಭೈರವನಿಗೂ ಇಲ್ಲ ಬಿಡಿ ಮೇಡಂ ಎಂದು ಅವನು ನಕ್ಕ, ಅವಳೂ ನಕ್ಕಳು, ಐದು ನಿಮಿಷದ ಹಿಂದೆ ನಗುತ್ತಿದ್ದಳು, ಈಗ ಬಿಚ್ಚಿದ ಕೂದಲನ್ನು ಗಾಳಿ ಬಾಯಿಗೆ ತುರುಕುತ್ತಿದೆ, ಉಗಿಯಬೇಕು, ಯಾರ ಮುಖಕ್ಕೆ ಉಗಿಯಬೇಕು.

ಕೆಂಚಯ್ಯ. ಅಲ್ಲೇ ನಿಂತಿದ್ದಾನೆ, ಒಗೆದ ಪಂಚೆ, ಕೈಯಲ್ಲಿ ಬಾಳೆ ಎಲೆ, ಎಲೆಯ ಮೇಲೆ ಕಡುಬು, ಅರವತ್ತು ದಾಟಿದ ಕಾವಲಿನವನು, ಆರು ವರ್ಷದಲ್ಲಿ ಒಂದು ದಿನ ತಪ್ಪಿಸದವನು. ಏನಿದು ಕೆಂಚಯ್ಯ ಎಂದಳು, ಮೆಲ್ಲಗೆ, ಎಷ್ಟು ಮೆಲ್ಲಗೆ ಎಂದರೆ ಅವನು ಅದನ್ನು ಮೆಚ್ಚುಗೆ ಎಂದೇ ತಿಳಿದ. ಆಯುಧ ಪೂಜೆ ಅಲ್ವಾ ಅಮ್ಮಾ, ತೋಟದ ಕತ್ತಿ ಎಲ್ಲಾ ಇಲ್ಲೇ ತರಿಸ್ದೆ, ಇದೇ ದೊಡ್ಡ ಆಯುಧ ನೋಡಿ, ಇದೊಂದನ್ನ ಒಂಟಿ ಬಿಟ್ಟು ಕೆಳಗೆ ಪೂಜೆ ಮಾಡೋಕೆ ಮನಸ್ಸು ಒಪ್ಲಿಲ್ಲ. ಕಬ್ಬಿಣ ತರಬಾರದು ಅಂತ ಹೇಳಿದ್ದೆನಲ್ಲ. ತಂದಿಲ್ಲ ಅಮ್ಮಾ. ಮತ್ತೆ ಇದೇನು? ಅವನು ಕತ್ತಿಗಳನ್ನು ನೋಡಿದ, ಅವಳನ್ನು ನೋಡಿದ, ಓದಿದ ಹೆಂಗಸಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂಬ ಕನಿಕರ ಅವನ ಮುಖದಲ್ಲಿ, ಪೂಜೆಗೆ ಕೂರಿಸಿದ ಮೇಲೆ ಅದು ಕಬ್ಬಿಣ ಹೇಗಾಗುತ್ತೆ, ಇವತ್ತಿಗೆ ಅವು ದೇವ್ರು, ನಾಳೆ ಬೆಳಿಗ್ಗೆ ಇಳಿಸಿದ ಮೇಲೆ ಮತ್ತೆ ಕಬ್ಬಿಣ, ಆಗ ಒಂದು ಕ್ಷಣ ಇಲ್ಲಿಡಲ್ಲ, ಕಲ್ಲಿನಾಚೆ ಒಯ್ದುಬಿಡ್ತೀನಿ, ಹೋದ ವರ್ಷನೂ ಹಂಗೇ ಮಾಡಿದ್ದು, ಶುರು ಮಾಡಿದ್ದೇ ಆವಾಗ.

ಹೋದ ವರ್ಷನೂ. ಬಾಯಲ್ಲಿ ಕೂದಲು, ಅದನ್ನು ತೆಗೆಯಲು ಕೈ ಏಳುತ್ತಿಲ್ಲ, ಹೋದ ವರ್ಷನೂ — ಎರಡು ಸಾವಿರನೇ ಇಸವಿಯ ನವರಾತ್ರಿ, ಸೂರ್ಯ ಸಿಡಿದು ಆ ಗಾಳಿ ಬಂದು ಭೂಮಿಗೆ ಬಡಿದ ವಾರ, ಬೇರೆಲ್ಲ ಮಾಪನ ಕೇಂದ್ರಗಳ ರೇಖೆಯೂ ಕುಸಿದು ಮೆಲ್ಲಗೆ ಏಳುತ್ತಿದ್ದಾಗ ಈ ಬೆಟ್ಟದ ರೇಖೆ ಮಾತ್ರ ಸಂಜೆ ನಾಲ್ಕು ಹನ್ನೆರಡಕ್ಕೆ ಮೆಟ್ಟಿಲು ಹತ್ತಿದ ಹಾಗೆ ಮೂವತ್ತೆಂಟು ನ್ಯಾನೋಟೆಸ್ಲಾ ಮೇಲಕ್ಕೆ ಹೋಯಿತು, ಹೋಗಿ ಅಲ್ಲೇ ಕೂತಿತು, ಮರುದಿನ ಬೆಳಿಗ್ಗೆ ಏಳು ನಲವತ್ತಕ್ಕೆ ಹತ್ತಿದಷ್ಟೇ ಇಳಿಯಿತು, ಅದನ್ನು ನೋಡಿ ಅವಳು ಅತ್ತಿದ್ದಳು, ಸಂತೋಷಕ್ಕೆ, ಥೂ, ಯಾವ ಪ್ರಕೃತಿ ಬೆಳಿಗ್ಗೆ ಏಳು ನಲವತ್ತಕ್ಕೆ ಸ್ನಾನ ಮುಗಿಸಿ ಬಂದು ಸಾಮಾನು ಎತ್ತಿಡುತ್ತದೆ, ಯಾಕೆ ಹೊಳೆಯಲಿಲ್ಲ, ಹೊಳೆಯಬಾರದೆಂದೇ ಹೊಳೆಯಲಿಲ್ಲ. ಸೌರಮಾರುತದ ಹೊಡೆತಕ್ಕೆ ಬೆಟ್ಟದೊಳಗಿನ ಕಬ್ಬಿಣದ ಕಲ್ಲು ಮಿಡಿದು ಎಬ್ಬಿಸಿದ ವಿದ್ಯುತ್ ಪ್ರವಾಹ ಎಂದು ಹದಿನಾಲ್ಕು ಪುಟ ಬರೆದಳು, ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು, ಹದಿನೇಳು ವರ್ಷ ಬೇರೆಯವರ ಹೆಸರಿನ ಹಿಂದೆ ಮೂರನೆಯವಳಾಗಿ ನಿಂತವಳ ಹೆಸರು ಮೊದಲ ಸಲ ಮೊದಲಿಗೆ. ನಿಮ್ಮದು ಕಾಫಿ ತೋಟದ ಸೈನ್ಸು ಬಿಡಿ ಗಂಗಾ ಅವರೇ ಎಂದು ವರ್ಷಾನುಗಟ್ಟಲೆ ಚಹಾ ಕಪ್ಪಿನ ಹಿಂದಿನಿಂದ ನಗುತ್ತಿದ್ದ ವಿಭಾಗದ ಮುಖ್ಯಸ್ಥರು ಎದ್ದು ಬಂದು ಕೈ ಕುಲುಕಿದರು, ಆ ಬಿಸಿ ಅಂಗೈ, ಬರುವ ಸೋಮವಾರ ಅವರದೇ ಕೋಣೆಯಲ್ಲಿ ಸಭೆ, ಬೇರೆ ಗ್ರಹದ ಕಾಂತಕ್ಷೇತ್ರ ಅಳೆಯುವ ಯಂತ್ರಕ್ಕೆ ತಂಡ ಕಟ್ಟುತ್ತಾರೆ, ತಂಡದ ಪಟ್ಟಿಯಲ್ಲಿ ಅವಳಿದ್ದಾಳೆ, ಆ ಹದಿನಾಲ್ಕು ಪುಟದ ಬಲದಿಂದ ಇದ್ದಾಳೆ. ಮಂಗಳ ತನ್ನ ಕಾಂತಕ್ಷೇತ್ರ ಕಳೆದುಕೊಂಡ ಮೇಲೆ ಸೂರ್ಯನ ಗಾಳಿ ಅದರ ಹವೆಯನ್ನು ಸಿಪ್ಪೆ ಸುಲಿದ ಹಾಗೆ ಸುಲಿದುಕೊಂಡು ಹೋಯಿತು, ಕ್ಲಾಸಿನಲ್ಲಿ ಎಷ್ಟು ಸಲ ಹೇಳಿಲ್ಲ, ಹೇಳುವಾಗ ಅದು ಯಾರದೋ ಗ್ರಹ, ಸೋಮವಾರ ಬಾಯಿ ಬಿಟ್ಟರೆ ಮುಖ್ಯಸ್ಥರು ನಗುತ್ತಾರೆ, ಮೊದಲು ಕಣ್ಣಲ್ಲಿ, ಆಮೇಲೆ ಹೊಟ್ಟೆ ಕುಲುಕಿ, ಕುಂಕುಮದ ಕಥೆ ಊರೂರಿಗೆ ಹೋಗುತ್ತದೆ, ಈ ಮುದುಕ, ಈ ಕಡುಬು, ಈ ಭಕ್ತಿ, ಒಂದು ಮಾತು ಕೇಳಬಾರದಿತ್ತೇ ಇವನು, ಒಂದೇ ಒಂದು ಮಾತು.

ನನಗೊಂದು ಮಾತು ಹೇಳಬಾರದಿತ್ತಾ ಕೆಂಚಯ್ಯ, ಈಗ ದನಿ ಮೆಲ್ಲಗಿಲ್ಲ, ಕೆಳಗೆ ಕಲ್ಲಿನ ಹತ್ತಿರ ಸೊಹೈಲ್ ತಿರುಗಿ ನೋಡಿದ. ಹೇಳಿದೀನಲ್ಲ ಅಮ್ಮಾ, ಬುಕ್ಕಲ್ಲಿ ಬರ್ದೀನಿ, ನೀವೇ ಹೇಳಿದ್ದು, ಹಸು ಬಂದ್ರೂ ಬರೀ, ಸಿಡಿಲು ಬಡಿದ್ರೂ ಬರೀ ಅಂತ, ಎನ್ನುತ್ತ ಅವನು ಗೂಡಿನಿಂದ ಪುಸ್ತಕ ತೆಗೆದ, ಪಿನ್ನು ಹೊಡೆಯಬಾರದೆಂದು ಅವಳೇ ಹತ್ತಿ ದಾರದಲ್ಲಿ ಹೊಲಿಸಿದ ಪುಸ್ತಕ, ಹಾಳೆ ತಿರುವಿದ, ತಪ್ಪದೆ ಹೋದ ವರ್ಷದ ಪುಟಕ್ಕೆ ಬಂದ, ಅವಳ ಕೈಗಿಟ್ಟ, ದುಂಡಗಿನ ಅಕ್ಷರ, ಸಂಜೆ 4-10 ಆಯುಧ ಪೂಜೆ, ಕತ್ತಿ 22, ಗುದ್ದಲಿ 4, ಹಾರೆ 1, ಪಂಪು 1, ಮಾರನೆಯ ದಿನ 7-40 ಇಳಿಸಿದೆ, ಅದರ ಕೆಳಗೆ ಹಸಿರು ಶಾಯಿಯಲ್ಲಿ ಒಂದು ಸಹಿ. ಅವಳದು. ತಿಂಗಳಿಗೊಮ್ಮೆ ಬಂದು, ಜೀಪಿಗೆ ತಡವಾಯಿತೆಂದು, ಮಂಜು ಇಳಿಯಿತೆಂದು, ಹತ್ತು ಪುಟಕ್ಕೂ ಒಂದೇ ಉಸಿರಿನಲ್ಲಿ ಎಳೆದ ಸಹಿ. ಹತ್ತಿರದಲ್ಲಿ ಮನುಷ್ಯರು ತಂದ ಕಬ್ಬಿಣವಿತ್ತೇ ಎಂದು ಅಚ್ಚು ಮಾಡುವ ಮೊದಲು ಪತ್ರಿಕೆಯವರು ಕೇಳಿದ್ದರು, ಸರಿಯಾಗಿಯೇ ಕೇಳಿದ್ದರು, ಕಾವಲು ಪುಸ್ತಕ ಪರಿಶೀಲಿಸಲಾಗಿದೆ, ಅಂಥದ್ದೇನೂ ಇಲ್ಲ ಎಂದು ಉತ್ತರ ಬರೆದ ಕೈ ಇದೇ. ಕೆಂಚಯ್ಯನನ್ನು ಬೈಯಲು ಹೊರಟ ಸಿಟ್ಟಿಗೆ ಹೋಗಲು ಜಾಗವಿಲ್ಲ, ಹತ್ತಿಯ ದಾರ, ಹೆಬ್ಬೆರಳಿನಲ್ಲಿ ಮೀಟಿದರೆ ಹಾಳೆ ಸದ್ದಿಲ್ಲದೆ ಕಿತ್ತು ಬರುತ್ತದೆ, ಹೆಬ್ಬೆರಳು ಹೋಗಿಯೂ ಹೋಯಿತು, ದಾರದ ಕೆಳಗೆ ಹೊಕ್ಕಿತು, ಯಾರಿಗೆ ಗೊತ್ತಾಗುತ್ತದೆ, ಈ ಗಾಳಿಗೆ ಗೊತ್ತಾಗುತ್ತದೆಯೇ, ಹಸಿರು ಸಹಿ, ಕೆಂಚಯ್ಯ ಎಲೆ ಕೆಳಗಿಟ್ಟ, ಅವನ ಮುಖದ ಬಣ್ಣ ಇಳಿದಿದೆ, ತಪ್ಪಾಯ್ತಾ ಅಮ್ಮಾ, ತೆಗೀಲಾ, ಮಧ್ಯದಲ್ಲಿ ತೆಗೀಬಾರ್ದು, ನೀವು ತೆಗಿ ಅಂದ್ರೆ ತೆಗೀತೀನಿ, ದೇವ್ರ ಹತ್ರ ನಾನು ಕೇಳ್ಕೋತೀನಿ ಎಂದು ಬಗ್ಗಿ ಹಾರೆಗೆ ಕೈ ಹಾಕಿದ, ಅದನ್ನು ನೋಡಿ ಅವಳಿಗೆ ಇನ್ನೂ ಸಿಟ್ಟು ಬಂತು, ಇವನು ಯಾಕೆ ದೇವರ ಹತ್ತಿರ ಕೇಳಿಕೊಳ್ಳಬೇಕು.

ಮುಟ್ಟಬೇಡಿ ಎಂದಳು. ಇರಲಿ, ಹೋದ ವರ್ಷ ಇಟ್ಟ ಹಾಗೇ ಇರಲಿ, ಬೆಳಿಗ್ಗೆ ಇಳಿಸಿ, ಇಳಿಸಿದ ಗಂಟೆ ಬರೆಯಿರಿ, ನಿಮಿಷವೂ ಬರೆಯಿರಿ. ಯಂತ್ರ ಇಂದೂ ಬರೆಯುತ್ತಿದೆ, ಸೂರ್ಯ ಇವತ್ತು ಸುಮ್ಮನಿದ್ದಾನೆ, ಯಾವ ಸೌರಮಾರುತವೂ ಇಲ್ಲದ ದಿನ ರೇಖೆಯಲ್ಲಿ ಅದೇ ಮೆಟ್ಟಿಲು ಮೂಡುತ್ತದೆ, ಮೂವತ್ತೆಂಟೋ ಮೂವತ್ತಾರೋ, ಎರಡು ರೇಖೆಗಳನ್ನು ಪಕ್ಕಪಕ್ಕ ಇಟ್ಟು ಸೋಮವಾರ ಅವಳೇ ಮೇಜಿನ ಮೇಲೆ ಹರಡುತ್ತಾಳೆ, ನಗಲಿ, ಹೊಟ್ಟೆ ಬಿರಿಯುವ ಹಾಗೆ ನಗಲಿ, ಪಟ್ಟಿಯಿಂದ ಹೆಸರು ಹೊಡೆಯಲಿ, ಪತ್ರಿಕೆಗೆ ಕಾಗದ ಅವಳೇ ಬರೆಯುತ್ತಾಳೆ, ತಪ್ಪು ಕಾವಲಿನವನದು ಎಂದು ಒಂದಕ್ಷರ ಬರೆದರೆ ಕೈ ಕಡಿದುಕೊಳ್ಳಬೇಕು, ಬರೆಯುವುದು ಹೇಗೆ, ಮೊದಲ ಸಾಲು ಏನು, ಪರಿಶೀಲಿಸಲಾಗಿದೆ ಎಂದು ಬರೆದಿದ್ದೆ, ಪರಿಶೀಲಿಸಿರಲಿಲ್ಲ, ಸಹಿ ಮಾಡಿದ್ದೆ, ಓದಿರಲಿಲ್ಲ, ಹೆಬ್ಬೆರಳು ದಾರದಿಂದ ಈಚೆ ಬಂದಿದೆ, ಮಂಜು ಬಾಗಿಲಿಗೆ ಬಂದಿದೆ, ಸಾಲಿನ ಮುಂದೆ ಏನೂ ಬರುತ್ತಿಲ್ಲ, ಕತ್ತಿ 22, ಅದರ ಕೆಳಗೆ ಹಸಿರು ಸಹಿ, ಬಾಲವನ್ನು ಉದ್ದಕ್ಕೆ ಎಳೆದು ಕೊನೆಗೆ ಎರಡು ಚುಕ್ಕಿ ಇಟ್ಟ ಹಸಿರು ಸಹಿ, ಕತ್ತಿ 22, ಹಸಿರು ಸಹಿ, ಹಸಿರು —