ಬೆನ್ನು ಒತ್ತುವ ಕುರ್ಚಿ

ಅರಿವಳಿಕೆ ಡಾಕ್ಟರಾಗಿ ಓದು ಮುಗಿಸಿದ್ದ ಮಗಳಿಗೆ ಇನ್ನೂ ಓದುವ ಹುಚ್ಚು ಬಿಟ್ಟಿರಲಿಲ್ಲ. ಹೃದಯದ ಆಪರೇಷನ್ನುಗಳಲ್ಲೇ ಪಳಗಬೇಕೆಂದು ಫೆಲೋಶಿಪ್ಪಿಗೆ ಅರ್ಜಿ ಹಾಕಿದ್ದಳು, ಎರಡು ಆಸ್ಪತ್ರೆಗಳು ಕರೆದಿದ್ದವು. “ನಿನ್ನಿಷ್ಟ ಕಣೇ, ನೀನೇ ಆರಿಸ್ಕೋ, ನಾವು ನಿನ್ನ ಬೆನ್ನಿಗಿದೀವಿ” ಎಂದು ಅಮ್ಮನೂ ಅಣ್ಣನೂ ಹೇಳಿದರು. ಹೇಳಿದ ಬಾಯಿ ಮುಚ್ಚುವ ಮೊದಲೇ ತಾವೇ ಆರಿಸಲು ಕೂತರು.

ಬೆನ್ನಿಗಿರುವ ಮಾತು ಅವಳಿಗೆ ಬರೀ ಮಾತಾಗಿರಲಿಲ್ಲ. ಓದುವಾಗ ಒಮ್ಮೆ ಆಪರೇಷನ್ ಟೇಬಲ್ಲಿನ ಮೇಲೆ ಒಬ್ಬ ಅಜ್ಜನ ರಕ್ತದೊತ್ತಡ ಸರಸರನೆ ಇಳಿದಿತ್ತು. ಅವಳು ಸೀನಿಯರಿಗೆ ಫೋನಿನ ಮೇಲೆ ಫೋನು ಮಾಡಿದ್ದಳು. ಕಿವಿಯಲ್ಲಿ ಬರೀ ರಿಂಗು. ಅಜ್ಜ ಹೇಗೋ ಉಳಿದುಕೊಂಡ. ಎಲ್ಲ ಮುಗಿದ ಮೇಲೆ ಬಂದ ಸೀನಿಯರ್, “ಮ್ಯಾನೇಜ್ ಮಾಡಿದ್ಯಲ್ಲ, ಭೇಷ್” ಎಂದು ಬೆನ್ನು ತಟ್ಟಿ ಹೋಗಿದ್ದ. ಅವತ್ತಿನಿಂದ ಅವಳಿಗೆ ಒಂದೇ ಭಯ. ಹೃದಯದ ಆಪರೇಷನ್ನಿನಲ್ಲಿ ಹೃದಯವನ್ನು ನಿಲ್ಲಿಸಿ ಅದರ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುತ್ತಾರೆ. ಕೊನೆಗೆ ಯಂತ್ರ ಬಿಡಿಸುವಾಗ ಹೃದಯ ತಾನಾಗಿ ಓಡಬೇಕು. ಅದು ಮೊಂಡು ಹಿಡಿದರೆ, ತಾನು ಕೂಗಿದರೆ ಯಾರಾದರೂ ಬರುತ್ತಾರೋ ಇಲ್ಲವೋ? ಇನ್ನೊಂದು ಸಲ ಹಾಗಾದರೆ ಈ ಕೆಲಸವನ್ನೇ ಬಿಟ್ಟುಬಿಡುತ್ತೇನೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದಳು.

ಮೊದಲು ಹೋದದ್ದು ಹಳೇ ಆಸ್ಪತ್ರೆಗೆ. ಅಲ್ಲಿನ ಅರಿವಳಿಕೆ ವಿಭಾಗದ ಮುಖ್ಯಸ್ಥರಿಗೆ ಕಲಿಯುವ ಹುಡುಗರು ‘ಗುಡುಗು’ ಎಂದು ಹೆಸರಿಟ್ಟಿದ್ದರು. ಕೂರಲು ಕೊಟ್ಟದ್ದು ಒಂದು ಕಾಲು ಕುಂಟುವ ಸ್ಟೂಲು. “ಯಾಕೆ ಹಾರ್ಟೇ ಬೇಕು ನಿಂಗೆ?” ಎಂದರು ಗುಡುಗು. ರಾತ್ರಿಯೆಲ್ಲ ಉರುಹೊಡೆದ ಉತ್ತರವನ್ನು ಅವಳು ಶುರುಮಾಡಿದಳಷ್ಟೇ, ಮೇಜಿನ ಮೇಲಿನ ಫೋನು ಕಿರುಚಿತು. ಎತ್ತಿದರು, “ಪ್ರೆಶರ್ ಎಷ್ಟು?” ಎಂದರು, ಎದ್ದು ಹೊರಟೇಹೋದರು. ಕೂತಿರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಅವರು ಮೇಜಿನ ಮೇಲೆ ಬಿಟ್ಟುಹೋದ ಟೀ ಆರಿ ಕೆನೆ ಕಟ್ಟಿತು. ಕಾದು ಕಾದು ಕಾರಿಡಾರಿಗೆ ಬಂದರೆ, ಆಪರೇಷನ್ ಕೋಣೆಯ ಒಳಗಿನಿಂದ ಅವರ ಬೈಗುಳ ಬಾಗಿಲು ದಾಟಿ ಕೇಳುತ್ತಿತ್ತು. ಬಾಗಿಲಿನ ಗಾಜಿನಲ್ಲಿ ಇಣುಕಿದಳು. ಒಬ್ಬ ಹುಡುಗ ಬೆವರುತ್ತ ಔಷಧಿ ಏರಿಸುತ್ತಿದ್ದ. ಅವನ ಹಿಂದೆ ಗುಡುಗು ಕೈಕಟ್ಟಿ ನಿಂತು, ಏನನ್ನೂ ಮುಟ್ಟದೆ, ಬಾಯಿಗೆ ಬಂದಂತೆ ಬೈಯುತ್ತಿದ್ದರು. ಹೊರಬಂದವರು ಇವಳನ್ನು ನೋಡಿ, “ಇನ್ನೂ ಇದೀಯಾ?” ಎಂದರು. ಇಂಟರ್ವ್ಯೂ ಮುಗಿಯಿತು.

ಮನೆಯಲ್ಲಿ ಅಮ್ಮ ಉರಿದುಬಿದ್ದಳು. “ಇಷ್ಟು ಓದಿದ ಹುಡುಗಿಗೆ ಕೂತ್ಕೋ ಅನ್ನೋ ಮರ್ಯಾದೆನೂ ಇಲ್ವಾ?” ಅಣ್ಣನಿಗಿದ್ದದ್ದು ಫರ್ನಿಚರ್ ಅಂಗಡಿ, ಹಾಗಾಗಿ ಅವನು ಲೋಕವನ್ನು ಕುರ್ಚಿಗಳಿಂದಲೇ ಅಳೆಯುತ್ತಿದ್ದ. “ಕುಂಟು ಸ್ಟೂಲ್ ಕೊಟ್ರಾ? ಅಲ್ಲಿಗೆ ಹೋಗ್ಲೇಬೇಡ” ಎಂದ. ಅವಳಿಗೂ ಮೈ ಉರಿದಿತ್ತು, ಹೂಂ ಎಂದಳು.

ಎರಡನೆಯದು ಗಾಜಿನ ಆಸ್ಪತ್ರೆ. ಇಲ್ಲಿಯ ಮುಖ್ಯಸ್ಥರ ಮಾತು ಬೆಣ್ಣೆ. ಬಾಗಿಲ ತನಕ ಬಂದು, “ಬನ್ನಿ ಬನ್ನಿ, ಪ್ರಯಾಣ ಆರಾಮಾಗಿತ್ತಾ?” ಎಂದು ವಿಚಾರಿಸಿದರು. ಕಲಿಯುವವರ ಬೆನ್ನಿಗೆ ನಿಲ್ಲುವುದೇ ತಮ್ಮ ವಿಭಾಗದ ಧ್ಯೇಯ ಎಂದರು, ಹಾಗೆಂದು ಗೋಡೆಯ ಮೇಲೂ ಬರೆಸಿದ್ದರು. ಎದುರಾದ ಫೆಲೋ ಹುಡುಗಿಯೊಬ್ಬಳನ್ನು ಕರೆದು, “ಹೇಗಿದೆಯಮ್ಮ ನಮ್ಮಲ್ಲಿ?” ಎಂದು ಕೇಳಿದರು. “ನಾವೆಲ್ಲ ಒಂದೇ ಮನೆಯವರ ಥರ ಮೇಡಂ” ಎಂದಳು ಅವಳು, ಸರ್ ಮುಖ ನೋಡಿಕೊಂಡು. ಆಮೇಲೆ ತನ್ನ ಕೆಲಸಕ್ಕೆ ಓಡಿದಳು.

“ನಿಮಗೊಂದು ವಿಶೇಷ ತೋರಿಸ್ಬೇಕು” ಎಂದು ಮುಖ್ಯಸ್ಥರು ಜೇಬಿನಿಂದ ಬೀಗದ ಕೈ ತೆಗೆದರು. ಅದು ನೆಮ್ಮದಿ ಕೋಣೆ. ಫೆಲೋಗಳ ದಣಿವಾರಿಸಲು ಮಾಡಿಸಿದ್ದು. ನಡುವೆ ಬೆನ್ನು ಒತ್ತುವ ಕುರ್ಚಿಯೊಂದು ಕಂಗೊಳಿಸುತ್ತಿತ್ತು. ಅದರ ಕೈಗಳ ಮೇಲಿನ ಪ್ಲಾಸ್ಟಿಕ್ಕನ್ನು ಇನ್ನೂ ಸುಲಿದಿರಲಿಲ್ಲ. “ಹಾಳುಮಾಡ್ತಾರೆ ಅಂತ ಕೀ ನನ್ ಹತ್ರನೇ ಇಟ್ಕೊಂಡಿದೀನಿ. ಕೂತ್ಕೊಳ್ಳಿ” ಎಂದರು. ಕೂತಳು. ಕುರ್ಚಿ ಗುರ್ರೆಂದು ಬೆನ್ನು ಒತ್ತತೊಡಗಿತು. ಅಹಾ! ಅಣ್ಣ ನೋಡಬೇಕಿತ್ತು ಎಂದುಕೊಂಡಳು. ಇಲ್ಲಿಗೇ ಬರುತ್ತೇನೆ ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು.

ಆಗ ಅವರ ಜೇಬಿನಲ್ಲಿ ಫೋನು ಕೊಳಲೂದಿತು. ತೆಗೆದು ಹೆಸರು ನೋಡಿ ಹಾಗೇ ಜೇಬಿಗಿಳಿಸಿದರು. “ಇಲ್ಲಿ ಸಂಕೋಚ ಅನ್ನೋದೇ ಇಲ್ಲ. ಯಾವಾಗ ಬೇಕಾದ್ರೂ ನನಗೆ ಫೋನ್ ಮಾಡ್ಬಹುದು” ಎಂದರು. ಕೊಳಲು ನಿಂತು ಮತ್ತೆ ಶುರುವಾಯಿತು.

“ಯಾರು ಸರ್?”

“ನಮ್ ಹುಡುಗ. ಯಂತ್ರ ಬಿಡಿಸೋ ಹೊತ್ತು, ಸ್ವಲ್ಪ ಗಾಬರಿ ಇರುತ್ತೆ.”

“ಎತ್ತಿ ಸರ್.”

“ಮ್ಯಾನೇಜ್ ಮಾಡ್ತಾನೆ ಬಿಡಿ. ನಾವು ಸ್ವಾತಂತ್ರ್ಯ ಕೊಡ್ತೀವಿ.”

ಕುರ್ಚಿ ಬೆನ್ನು ಒತ್ತುತ್ತಲೇ ಇತ್ತು. ಅವಳ ಮೈ ಮಾತ್ರ ಮರಗಟ್ಟಿತ್ತು. ಆ ರಿಂಗನ್ನು ಅವಳು ಅದುವರೆಗೆ ಆ ತುದಿಯಿಂದಷ್ಟೇ ಕೇಳಿದ್ದಳು. ಈ ತುದಿಯಲ್ಲಿ ಅದು ಇಷ್ಟು ಇಂಪಾಗಿರುತ್ತದೆ ಎಂದು ಗೊತ್ತಿರಲಿಲ್ಲ. ಸಿಟ್ಟು ಒತ್ತರಿಸಿ ಬಂತು. ಎದ್ದು ನಿಂತು, “ದಯವಿಟ್ಟು ಹೋಗಿ ಸರ್, ಅವನು ಒಬ್ನೇ ಇದಾನೆ” ಎಂದಳು. ಮುಖ್ಯಸ್ಥರು ನಕ್ಕರು. “ನೀವು ತುಂಬಾ ಸೂಕ್ಷ್ಮ. ನಮಗೆ ಇಂಥವರೇ ಬೇಕು” ಎಂದು ಕೋಣೆಗೆ ಬೀಗ ಹಾಕಿ, ಅದು ಸರಿಯಾಗಿ ಬಿದ್ದಿದೆಯೇ ಎಂದು ಜಗ್ಗಿ ನೋಡಿ, ನಿಧಾನವಾಗಿ ಲಿಫ್ಟಿನ ಕಡೆ ನಡೆದರು.

ಮನೆಗೆ ಬಂದು ಗುಡುಗಿನ ಹತ್ತಿರವೇ ಹೋಗುತ್ತೇನೆಂದಾಗ ಅಮ್ಮ ತಲೆ ಚಚ್ಚಿಕೊಂಡಳು.

“ನಿಂಗೇನು ತಲೆ ಕೆಟ್ಟಿದೆಯಾ? ಅವರದು ಬೈಯೋದೇ ಕೆಲಸ ಅಂದ್ಯಲ್ಲೇ!”

“ಹೂಂ ಅಮ್ಮ. ಪಕ್ಕದಲ್ಲೇ ನಿಂತ್ಕೊಂಡು ಬೈತಾರೆ.”

“ಅಷ್ಟೊಳ್ಳೆ ಕುರ್ಚಿ ಬಿಟ್ಟು...” ಎಂದು ಅಣ್ಣ ಮರುಗಿದ.

ಅವಳು ಅಲ್ಲೇ ನಿಂತು ಹಳೇ ಆಸ್ಪತ್ರೆಗೆ, ಗುಡುಗಿನ ಮೇಜಿನ ಮೇಲಿನ ಫೋನಿಗೇ ಕರೆ ಹಚ್ಚಿದಳು. ಏನು ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಳ್ಳುವ ಮೊದಲೇ, ಒಂದು ರಿಂಗೂ ಪೂರ್ತಿ ಮುಗಿಯದೆ, ಆ ಕಡೆ ಫೋನು ಎತ್ತಿದರು.

“ಪ್ರೆಶರ್ ಎಷ್ಟು?” ಎಂದಿತು ಗುಡುಗು.

“ಸರ್, ನಾನು... ಅವತ್ತು ಇಂಟರ್ವ್ಯೂಗೆ ಬಂದಿದ್ನಲ್ಲ...”

“ಪೇಶಂಟ್ ಚೆನ್ನಾಗಿದಾರಾ?”

“ಪೇಶಂಟ್ ಇಲ್ಲ ಸರ್. ನಿಮ್ಮಲ್ಲಿ ಸೇರ್ಬೇಕು ಅಂತ...”

“ಸೇರೋದಾದ್ರೆ ಬಂದು ಸೇರು. ಅದಕ್ಕೆಲ್ಲ ಈ ಫೋನಿಗೆ ಮಾಡ್ತಾರಾ? ಬುದ್ಧಿ ಬೇಡ್ವಾ? ಇಡು, ಯಾರಾದ್ರೂ ಕರೀಬಹುದು.”

ಫೋನು ಕುಕ್ಕಿದ ಸದ್ದು ಅಮ್ಮನಿಗೂ ಕೇಳಿಸಿತು. “ಏನಂದ್ರೇ ಅವರು?” ಎಂದಳು ಅಮ್ಮ.

“ಬೈದ್ರಮ್ಮ” ಎಂದಳು ಮಗಳು. ಕಣ್ಣಲ್ಲಿ ನೀರು ತುಂಬಿಕೊಂಡು, ಮುಖವೆಲ್ಲ ನಗು.